ಇಂಜಿನ್ ಎಳೀತಿಲ್ಲ: ಗಾಳಿ ತೆಳುವಾಯ್ತಾ, ರಿಂಗ್ ಸವೀತಾ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ತುಂಗಭದ್ರಾ ಹಿನ್ನೀರಿನ ಕಡೆಯ ಊರು. ಇಂಥ ಕಡೆ ಬೇಸಿಗೆಯಲ್ಲಿ ಡೀಸೆಲ್ ಪಂಪ್‌ಸೆಟ್ ಸುಸ್ತಾದರೆ ಇಂಜಿನ್ ಬಿಚ್ಚಿಸೋ ಯೋಚನೆ ಬರುತ್ತೆ. ಬಿಚ್ಚಿಸಿದರೆ ಸಾವಿರಾರು ರೂಪಾಯಿ ಖರ್ಚು. ಅದಕ್ಕೆ ಮೊದಲು ನಾವು ಕ್ಲಾಸಲ್ಲಿ ಓದಿದ ಒಂದು ಸೂತ್ರವನ್ನು ಇಲ್ಲಿ ಹಾಕಿ ನೋಡೋಣ.

1 ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆಜಿ ಗಾಳಿ ಬೇಕು. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಸಿಲಿಂಡರ್ ಅಳತೆ ಅಷ್ಟೇ ಇರುತ್ತೆ, ಆದರೆ ಒಳಗೆ ಬರುವ ಗಾಳಿಯ ತೂಕ ಬದಲಾಗುತ್ತೆ.

ಸಾಂದ್ರತೆ = ಒತ್ತಡ ÷ (287 × ಕೆಲ್ವಿನ್‌ನಲ್ಲಿ ಉಷ್ಣತೆ)

ಜಲಾಶಯದ ಪೂರ್ಣ ಮಟ್ಟ 1633 ಅಡಿ, ಅಂದರೆ ಸುಮಾರು 498 ಮೀಟರ್. ಆ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 95,500 ಪಾಸ್ಕಲ್. ಬೆಳಿಗ್ಗೆ 25 ಡಿಗ್ರಿ ಇದ್ದರೆ ಸಾಂದ್ರತೆ ಘನ ಮೀಟರ್‌ಗೆ 1.12 ಕೆಜಿ. ಮಧ್ಯಾಹ್ನ 40 ಡಿಗ್ರಿಯಾದರೆ 1.06. ಅಂದರೆ ಬಿಸಿಲು ಕಸಿಯೋದು ಸುಮಾರು ಶೇ 5 ಮಾತ್ರ. ಅದೂ ಇಂಜಿನ್ ಮೇಲೆ ಪೂರ್ತಿ ಲೋಡ್ ಇದ್ದಾಗಲೇ ಗೊತ್ತಾಗುತ್ತೆ. ಲೋಡ್ ಕಡಿಮೆ ಇದ್ದರೆ ಗವರ್ನರ್ ಸರಿದೂಗಿಸುತ್ತೆ.

ಸವೆತದ ಕಥೆ ಬೇರೆ. ಡೀಸೆಲ್ ಹೊತ್ತಿಕೊಳ್ಳೋದು ಗಾಳಿಯನ್ನು ಒತ್ತಿದಾಗ ಹುಟ್ಟೋ ಬಿಸಿಗೆ. ರಿಂಗ್, ಲೈನರ್ ಸವೆದರೆ ಒತ್ತಿದ ಗಾಳಿ ಪಕ್ಕದಿಂದ ಕೆಳಗೆ ಸೋರಿಹೋಗುತ್ತೆ. ಇಂಜಿನ್ ತಣ್ಣಗಿದ್ದಾಗ ಇದರ ತೊಂದರೆ ಹೆಚ್ಚು. ಹಾಗಾಗಿ ಎರಡರ ಲಕ್ಷಣವೂ ಉಲ್ಟಾ: ತೆಳು ಗಾಳಿ ಕಾಡೋದು ಮಧ್ಯಾಹ್ನ, ಸವೆದ ರಿಂಗ್ ಕಾಡೋದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ. ಜೊತೆಗೆ ನೀಲಿ ಹೊಗೆ, ಬೇಗ ಕಡಿಮೆಯಾಗೋ ಆಯಿಲ್, ಬ್ರೀದರ್‌ನಿಂದ ರಭಸವಾಗಿ ಬರೋ ಹೊಗೆ ಕಂಡರೆ ಅನುಮಾನ ರಿಂಗ್ ಮೇಲೆ.

ಕಪ್ಪು ಹೊಗೆ ಬಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ, ಇಲ್ಲವೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಬೇಕು. ಅದಕ್ಕೆ ಖರ್ಚು ಕಡಿಮೆ. ಆದರೆ ಫಿಲ್ಟರ್ ತೆಗೆದಿಟ್ಟು ಓಡಿಸಬಾರದು. ಒಳಗೆ ಹೋದ ಧೂಳೇ ರಿಂಗ್ ತಿನ್ನುತ್ತೆ.

ಇನ್ನೊಂದು ವಿಷಯ. ಜನವರಿಗೂ ಮೇ ತಿಂಗಳಿಗೂ ಹೋಲಿಸಿದರೆ ಲೆಕ್ಕ ತಪ್ಪುತ್ತೆ. ಅಷ್ಟರಲ್ಲಿ ಹಿನ್ನೀರು ಹಿಂದೆ ಸರಿದಿರುತ್ತೆ, ಪಂಪ್ ಹೆಚ್ಚು ಎತ್ತರಕ್ಕೆ ನೀರೆತ್ತಬೇಕು. ಒಂದೇ ದಿನದ ಬೆಳಿಗ್ಗೆ, ಮಧ್ಯಾಹ್ನ ಹೋಲಿಸಿ. ತಂಪು ಹೊತ್ತಲ್ಲಿ ಚೆನ್ನಾಗಿ ಎಳೆದು ಮಧ್ಯಾಹ್ನ ಸ್ವಲ್ಪ ಸೋತರೆ, ಇಂಜಿನ್‌ಗೆ ನೆರಳು ಮಾಡಿ, ತಂಪು ಗಾಳಿ ಸಿಗುವ ಹಾಗೆ ನೋಡಿಕೊಂಡರೆ ಸಾಕು. ತಂಪಲ್ಲೂ ಎಳೆಯದಿದ್ದರೆ ಬಿಸಿಲನ್ನು ಬೈದು ಪ್ರಯೋಜನವಿಲ್ಲ. ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಆಮೇಲೆ ಬಿಚ್ಚಿಸೋ ಮಾತು.