ಬಜರ್ ಒತ್ತುವ ಮುನ್ನ: ಕ್ವಿಜ್ ಗೆಲ್ಲಲು ಎಂಟು ಸೂತ್ರಗಳು

ಸಾವಿರ ಪ್ರಶ್ನೋತ್ತರಗಳ ಪುಸ್ತಕವನ್ನು ಬಾಯಿಪಾಠ ಮಾಡಿದವರು ಮೊದಲ ಸುತ್ತಿನಲ್ಲೇ ಎದ್ದು ಹೋಗುತ್ತಾರೆ. ಕಾದಂಬರಿ ಓದಿಕೊಂಡು, ಸಿನಿಮಾ ನೋಡಿಕೊಂಡು ಇದ್ದವರು ಫೈನಲ್ ತಲುಪಿರುತ್ತಾರೆ. ಬಿಡಿ ಸಂಗತಿ ಮರೆತುಹೋಗುತ್ತದೆ, ನಂಟಿರುವ ಸಂಗತಿ ಉಳಿಯುತ್ತದೆ. ಇತಿಹಾಸ, ಸಾಹಿತ್ಯ, ಮನರಂಜನೆ ಮೂರನ್ನೂ ಒಟ್ಟಿಗೆ ಕಲಿಯುವ ದಾರಿ ಇಲ್ಲಿದೆ.

1. ಒಂದನ್ನು ಹಿಡಿದು ಮೂರನ್ನು ಕಲಿಯಿರಿ
ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರ ಚಿತ್ರ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಮೊದಲು ತೆರೆಗೆ ಬಂದದ್ದು ಇದರಲ್ಲೇ. ಕಥೆ ತ.ರಾ.ಸು. ಅವರ ಮೂರು ಕಾದಂಬರಿಗಳದ್ದು. ಕಥೆ ನಡೆಯುವ ಊರು ಚಿತ್ರದುರ್ಗ. ದುರ್ಗ ಎಂದ ಮೇಲೆ ಒನಕೆ ಓಬವ್ವ, ಮದಕರಿ ನಾಯಕ ಬರಲೇಬೇಕು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಆ ಪತನವನ್ನೇ ತ.ರಾ.ಸು. ‘ದುರ್ಗಾಸ್ತಮಾನ’ದಲ್ಲಿ ಬರೆದರು, ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಸಿನಿಮಾದಿಂದ ಹೊರಟು ಹತ್ತು ಉತ್ತರ ಕೈಸೇರಿದವು, ಒಂದನ್ನೂ ಉರು ಹೊಡೆಯಬೇಕಾಗಲಿಲ್ಲ.

2. ‘ಮೊದಲ’ ಎಂಬ ಮಾತು ಬಂದರೆ ಎಚ್ಚರ
ಯಾವುದರಲ್ಲಿ ಮೊದಲು ಎಂದು ಕೇಳಿಕೊಳ್ಳಿ. ಕನ್ನಡದ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನ’. ‘ಭಕ್ತ ಧ್ರುವ’ದ ಕೆಲಸ ಮೊದಲೇ ಶುರುವಾಗಿದ್ದರೂ ತೆರೆ ಕಂಡದ್ದು ಆಮೇಲೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕೃತಿ ‘ಕವಿರಾಜಮಾರ್ಗ’, ಮೊದಲ ಗದ್ಯಕೃತಿ ‘ವಡ್ಡಾರಾಧನೆ’. ಪ್ರಶ್ನೆಯಲ್ಲಿ ‘ಗದ್ಯ’ ಎಂಬ ಒಂದೇ ಪದ ಕಿವಿ ತಪ್ಪಿದರೂ ಅಂಕ ಹೋಯಿತು.

3. ಕೆಲವೇ ಇಸವಿಗಳನ್ನು ಗಟ್ಟಿ ಮಾಡಿಕೊಳ್ಳಿ
ನೂರು ಇಸವಿ ಬೇಡ. ಮೈಸೂರಿನ ಚರಿತ್ರೆಗೆ ನಾಲ್ಕು ಸಾಕು: 1799ರಲ್ಲಿ ಶ್ರೀರಂಗಪಟ್ಟಣದ ಪತನ, 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ, 1881ರಲ್ಲಿ ಮರಳಿ ಒಡೆಯರಿಗೆ, 1956ರಲ್ಲಿ ಏಕೀಕರಣ. ಉಳಿದವನ್ನು ಇವುಗಳ ನಡುವೆ ಕೂರಿಸಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ, ಬೇಂದ್ರೆಯವರ ‘ನಾಕುತಂತಿ’ಗೆ ಸಂದ ಜ್ಞಾನಪೀಠವೂ ಅದೇ ವರ್ಷದ್ದು.

4. ಹಲವು ಕ್ಷೇತ್ರಗಳಲ್ಲಿ ಓಡಾಡಿದವರನ್ನು ಓದಿ
ಪ್ರಶ್ನೆ ಬರೆಯುವವರಿಗೆ ಗಿರೀಶ ಕಾರ್ನಾಡರೆಂದರೆ ಬಲು ಪ್ರೀತಿ. ಅವರು ಬರೆದ ‘ತುಘಲಕ್’ ನಾಟಕದಲ್ಲಿ ದಿಲ್ಲಿಯ ಸುಲ್ತಾನ, ‘ತಲೆದಂಡ’ದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣ. ನಟರಾಗಿ ‘ಸಂಸ್ಕಾರ’ ಚಿತ್ರದಲ್ಲಿ ಪ್ರಾಣೇಶಾಚಾರ್ಯ, ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ. 1998ರ ಜ್ಞಾನಪೀಠವೂ ಅವರದೇ. ಇತಿಹಾಸದ ಸುತ್ತು, ಸಿನಿಮಾ ಸುತ್ತು, ಸಾಹಿತ್ಯದ ಸುತ್ತು ಮೂರಕ್ಕೂ ಒಬ್ಬರೇ ಒದಗುತ್ತಾರೆ.

5. ಒಂದೇ ಬಗೆಯ ಹೆಸರುಗಳನ್ನು ಅಕ್ಕಪಕ್ಕ ಬರೆದಿಡಿ
‘ಚೋಮನ ದುಡಿ’ ಕಾದಂಬರಿ ಶಿವರಾಮ ಕಾರಂತರದು, ಸಿನಿಮಾ ಬಿ.ವಿ. ಕಾರಂತರದು. ಕಾವ್ಯನಾಮಗಳಲ್ಲಂತೂ ಎಡವುವವರೇ ಹೆಚ್ಚು. ‘ಶ್ರೀ’ ಎಂದರೆ ಬಿ.ಎಂ. ಶ್ರೀಕಂಠಯ್ಯ, ‘ಶ್ರೀರಂಗ’ ಎಂದರೆ ಆದ್ಯ ರಂಗಾಚಾರ್ಯ, ‘ಶ್ರೀನಿವಾಸ’ ಎಂದರೆ ಮಾಸ್ತಿ. ಮೂವರನ್ನೂ ಒಂದೇ ಪುಟದಲ್ಲಿ ಬರೆದುಕೊಂಡರೆ ವೇದಿಕೆಯ ಮೇಲೆ ತಬ್ಬಿಬ್ಬಾಗುವುದಿಲ್ಲ.

6. ಅರ್ಧ ಉತ್ತರಕ್ಕೆ ತೃಪ್ತರಾಗಬೇಡಿ
ಕುವೆಂಪು ಅವರಿಗೆ 1967ರ ಜ್ಞಾನಪೀಠ ಬಂದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಹಂಚಿಕೊಂಡವರು ಯಾರು? ಗುಜರಾತಿಯ ಉಮಾಶಂಕರ ಜೋಶಿ. ಬೇಂದ್ರೆಯವರೊಂದಿಗೆ ಹಂಚಿಕೊಂಡವರು ಒಡಿಯಾದ ಗೋಪಿನಾಥ ಮೊಹಾಂತಿ. ಎಲ್ಲರಿಗೂ ಗೊತ್ತಿರುವ ಸಂಗತಿಯ ಮುಂದಿನ ಹೆಜ್ಜೆಯೇ ಫೈನಲ್ ಸುತ್ತಿನ ಪ್ರಶ್ನೆ.

7. ಪ್ರಶ್ನೆಯನ್ನು ಪೂರ್ತಿ ಕೇಳಿ
‘ಶಿವನಸಮುದ್ರದ ವಿದ್ಯುತ್...’ ಎಂದು ಕ್ವಿಜ್ ಮಾಸ್ಟರ್ ಬಾಯಿ ತೆರೆಯುತ್ತಿದ್ದಂತೆ ಬಜರ್ ಒತ್ತಿ ‘ಬೆಂಗಳೂರು’ ಎನ್ನುವವರಿದ್ದಾರೆ. 1902ರಲ್ಲಿ ಆ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಪ್ರಶ್ನೆಯಲ್ಲಿರುವ ಇಸವಿ, ಊರು, ವಿಶೇಷಣ ಎಲ್ಲವೂ ಸುಳಿವುಗಳೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಸುತ್ತಾದರೆ ಅವಸರವೇ ಮೊದಲ ಶತ್ರು. ಅಂಕ ಕಳೆಯದ ಸುತ್ತಿನಲ್ಲಿ ಮಾತ್ರ ಸುಮ್ಮನೆ ಪಾಸ್ ಮಾಡಬೇಡಿ, ಸುಳಿವು ಹಿಡಿದು ಊಹಿಸಿ.

8. ಹಳೆಯ ಗೈಡನ್ನು ನಂಬಿ ಕೂರಬೇಡಿ, ಪ್ರಶ್ನೆ ನೀವೇ ಬರೆಯಿರಿ
ಹಲ್ಮಿಡಿಯೇ ಅತಿ ಹಳೆಯ ಕನ್ನಡ ಶಾಸನ ಎಂದು ಓದಿ ಬೆಳೆದವರು ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದೆಂಬ ವಾದವನ್ನೂ ತಿಳಿದಿರಬೇಕು. 2025ರಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಆ ಪ್ರಶಸ್ತಿ ಪಡೆದ ಮೊದಲ ಕಥಾಸಂಕಲನ ಅದು, ಅನುವಾದಕಿ ದೀಪಾ ಭಸ್ತಿ. ಇಂಥದ್ದನ್ನು ಓದಿದ ದಿನವೇ ಮೂರು ಪ್ರಶ್ನೆ ಮಾಡಿ: ಒಂದು ಸುಲಭ, ಒಂದು ಮಧ್ಯಮ, ಒಂದು ಕಠಿಣ. ಪ್ರಶ್ನೆ ಬರೆದವರಿಗೆ ಉತ್ತರ ಮರೆಯುವುದಿಲ್ಲ, ಎದುರಿನವರು ಪ್ರಶ್ನೆಯನ್ನು ಎಲ್ಲಿ ತಿರುಗಿಸುತ್ತಾರೆಂಬ ಅಂದಾಜೂ ಸಿಗುತ್ತದೆ.

ಇವತ್ತೇ ಶುರು ಮಾಡಲು ಒಂದು ಪುಸ್ತಕ ಹೇಳುತ್ತೇನೆ: ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಅದು ಯಾವ ನಾಡಿನ ಕೊನೆಯ ಅರಸನ ಕಥೆ, ಆ ನಾಡು ಬ್ರಿಟಿಷರ ಪಾಲಾದ ಇಸವಿ ಯಾವುದು, ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು ಎಂದು? ಉತ್ತರ ನೀವೇ ಹುಡುಕಿ, ಆಮೇಲೆ ನಾಲ್ಕನೆಯ ಪ್ರಶ್ನೆಯನ್ನು ನೀವೇ ಬರೆಯಿರಿ.