ಕೋಡ್ ಉರು ಹೊಡೆಯಬೇಡಿ

ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಹಿಡಿಯಬೇಕೆಂದು ಹೊರಟ ಅನೇಕರು ಮೊದಲ ವಾರವೇ ಕೋಡ್‌ಗಳನ್ನು ಉರು ಹೊಡೆಯುತ್ತಾರೆ. ದಯವಿಟ್ಟು ಬೇಡ. ಈ ಕೆಲಸದಲ್ಲಿ ಬಳಸುವ, ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ಕಾಯಿಲೆಗಳ ಕೋಡ್ ಪಟ್ಟಿಯಲ್ಲಿ 60,000ಕ್ಕೂ ಹೆಚ್ಚು ಕೋಡ್‌ಗಳಿವೆ. ವರ್ಷ ವರ್ಷ ಪರಿಷ್ಕರಣೆಯೂ ಆಗುತ್ತದೆ. ನಿಮ್ಮ ಕೈ ಹಿಡಿಯುವುದು ಆ ಕೋಡ್ ಪುಸ್ತಕದ ಆರಂಭದಲ್ಲಿರುವ ನಿಯಮಗಳು.

ಒಂದು ಚಾರ್ಟ್ ತೆಗೆದುಕೊಳ್ಳಿ. ‘ಟೈಪ್ 2 ಡಯಾಬಿಟಿಸ್, ದೀರ್ಘಕಾಲದ ಕಿಡ್ನಿ ಕಾಯಿಲೆ, 4ನೇ ಹಂತ’ ಎಂದಿದೆ. ಒಂದರಿಂದ ಇನ್ನೊಂದು ಬಂತೆಂದು ವೈದ್ಯರು ಬರೆದಿಲ್ಲ. ಆದರೂ ಪುಸ್ತಕದ ಇಂಡೆಕ್ಸ್‌ನಲ್ಲಿ ಡಯಾಬಿಟಿಸ್ ಕೆಳಗಿನ ‘ವಿತ್’ ಪಟ್ಟಿಯಲ್ಲಿ ಈ ಕಿಡ್ನಿ ಕಾಯಿಲೆ ಇರುವುದರಿಂದ ಎರಡಕ್ಕೂ ನಂಟಿದೆಯೆಂದೇ ಹಿಡಿಯಬೇಕು. ಕಾರಣ ಬೇರೆಯೆಂದು ವೈದ್ಯರೇ ಸ್ಪಷ್ಟಪಡಿಸಿದ್ದರೆ ಮಾತ್ರ ಬಿಡಿ. ಮೊದಲು ಇ11.22, ಅದರ ಹಿಂದೆ ಹಂತ ಹೇಳುವ ಎನ್18.4. ಈ ಕ್ರಮ ಪುಸ್ತಕದ ಮುಖ್ಯ ಕೋಡ್ ಪಟ್ಟಿಯಾದ ಟ್ಯಾಬ್ಯುಲರ್ ಲಿಸ್ಟ್‌ನಲ್ಲಿದೆ. ಇಂಡೆಕ್ಸ್‌ನಲ್ಲಿ ಸಿಕ್ಕ ಕೋಡನ್ನು ಅಲ್ಲಿ ತಾಳೆ ನೋಡದೆ ಎಂದೂ ಹಾಕಬೇಡಿ, ಎಷ್ಟೇ ಅವಸರವಿರಲಿ.

ಹೊರರೋಗಿಯ ದಾಖಲೆಯಲ್ಲಿ ‘ನ್ಯುಮೋನಿಯಾ ಇರಬಹುದು’ ಎಂದಷ್ಟೇ ಇದ್ದರೆ, ಬರೆದಿರುವ ಕೆಮ್ಮು, ಜ್ವರಕ್ಕೆ ಕೋಡ್ ಕೊಡಿ. ಇಲ್ಲವಾದರೆ ಆ ಜೀವದ ದಾಖಲೆಗೆ ಇಲ್ಲದ ಕಾಯಿಲೆಯೊಂದು ಅಂಟಿಕೊಳ್ಳುತ್ತದೆ. ಒಳರೋಗಿಯ ಡಿಸ್ಚಾರ್ಜ್‌ಗೆ ನಿಯಮ ಬೇರೆ, ಅದನ್ನು ಪ್ರತ್ಯೇಕವಾಗಿ ಓದಿ. ಬರಹ ಅಸ್ಪಷ್ಟವಾಗಿದ್ದರೆ ಊಹಿಸಬೇಡಿ, ವೈದ್ಯರಿಗೆ ಕ್ವೆರಿ ಕಳಿಸಿ.