ಹೆಡ್‌ಸೆಟ್ ಕೊಳ್ಳುವ ಮೊದಲು ಒಂದು ಮಾತು

ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮನೆಗೆ ಸಲಹೆಗಳಿಗೇನು ಬರ? ಯಾರೋ ‘ವಿಆರ್ ಥೆರಪಿ ಮಾಡಿಸಿ’ ಅನ್ನುತ್ತಾರೆ; ಅಂದರೆ ವರ್ಚುವಲ್ ರಿಯಾಲಿಟಿ, ನಿಜದಂತೆ ಕಾಣುವ ಕೃತಕ ದೃಶ್ಯದೊಳಗೆ ಅಭ್ಯಾಸ ಮಾಡಿಸುವುದು. ನೀವು ಅಂದೇ ರಾತ್ರಿ ಹೆಡ್‌ಸೆಟ್ ಬೆಲೆ ಹುಡುಕಲು ಕೂರುತ್ತೀರಿ. ಪ್ರೀತಿಯಿಂದಲೇ ಹೀಗೆ ಮಾಡುತ್ತೀರಿ, ಬಲ್ಲೆ. ಆದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಆತುರ ಬೇಡ.

ಮೊದಲು ಸರಿಯಾದ ತಪಾಸಣೆ ಆಗಲಿ. ಬೆಂಗಳೂರಿನ ಜಯನಗರ, ಬಿಟಿಎಂ ಕಡೆಯವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ಏನು ದೂರ? ಮಕ್ಕಳಿಗೂ ಹದಿಹರೆಯದವರಿಗೂ ಅಲ್ಲಿ ಪ್ರತ್ಯೇಕ ಮನೋವೈದ್ಯ ವಿಭಾಗವೇ ಇದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡಿ. ಮಗುವಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಆಟಿಸಂ ಇರುವವರಲ್ಲಿ ಫಿಟ್ಸ್ ಇತರರಿಗಿಂತ ಹೆಚ್ಚು. ವಿಆರ್ ದೃಶ್ಯಗಳಲ್ಲಿ ಇರಬಹುದಾದ ಮಿನುಗುವ ಬೆಳಕು ಕೆಲವರಿಗೆ ಅದನ್ನು ತರಿಸಬಲ್ಲದು.

ಇನ್ನು ಸಂಶೋಧನೆಯ ಮಾತು. ಆಟಿಸಂ ಇರುವವರಿಗೆ ವಿಆರ್ ಬಳಸಿ ನೋಡುವುದು ನಿನ್ನೆ ಮೊನ್ನೆಯದಲ್ಲ. 1996ರಲ್ಲೇ ಅಮೆರಿಕದ ಡೊರೊತಿ ಸ್ಟ್ರಿಕ್‌ಲೆಂಡ್ ಮತ್ತು ಸಂಗಡಿಗರು ಆಟಿಸಂ ಇರುವ ಇಬ್ಬರು ಮಕ್ಕಳಿಗೆ ಹೆಲ್ಮೆಟ್ ತೊಡಿಸಿ, ಕೃತಕ ಬೀದಿಯಲ್ಲಿ ಓಡುವ ಕಾರನ್ನು ಗುರುತಿಸುವುದನ್ನು ಕಲಿಸಿ ನೋಡಿದ್ದರು. ನಮ್ಮ ದೇಶದಲ್ಲಿ ಐಐಟಿ ಗಾಂಧಿನಗರದ ಉತ್ತಮಾ ಲಾಹಿರಿಯವರು, ನೋಡುವವರ ಕಣ್ಣಿನ ಚಲನೆಯನ್ನು ಗಮನಿಸುವ ವಿಆರ್ ವ್ಯವಸ್ಥೆಗಳ ಮೇಲೆ ಕೆಲಸ ಮಾಡಿದ್ದಾರೆ. 2014ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 7ರಿಂದ 13 ವರ್ಷದ 9 ಹುಡುಗರ ಅಧ್ಯಯನ ಪ್ರಕಟಿಸಿದರು. ಒಬ್ಬನಿಗೆ ಬಸ್ಸಿನ ಗದ್ದಲ ಭಯ, ಇನ್ನೊಬ್ಬನಿಗೆ ಪಾರಿವಾಳ ಭಯ. ಸುತ್ತ ಗೋಡೆಯ ಮೇಲೆಲ್ಲ ದೃಶ್ಯ ಮೂಡುವ ಕೋಣೆಯಲ್ಲಿ, ಮನಶ್ಶಾಸ್ತ್ರಜ್ಞರನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಹುಡುಗನೂ ನಾಲ್ಕು ಬಾರಿ ಆ ಭಯವನ್ನು ಮೆಲ್ಲಗೆ ಎದುರಿಸಿದ. 8 ಮಂದಿಗೆ ಗುಣ ಕಂಡಿತು. 4 ಮಂದಿಯ ಆ ಭಯ ಪೂರ್ತಿ ಹೋಯಿತು. ತಲೆಗೆ ಹೆಡ್‌ಸೆಟ್ ಹಾಕಿರಲೇ ಇಲ್ಲ! ಕೋಣೆಯ ಅಭ್ಯಾಸದ ಬಳಿಕ ಅಪ್ಪ ಅಮ್ಮಂದಿರು ಮಕ್ಕಳಿಗೆ ನಿಜವಾದ ಸನ್ನಿವೇಶಗಳಲ್ಲೂ ಅಭ್ಯಾಸ ಮಾಡಿಸಿದರು. ನೀವು ಗಟ್ಟಿಯಾಗಿ ಹಿಡಿಯಬೇಕಾದ ಎಳೆ ಇದೇ.

9 ಮಕ್ಕಳು ಎಂದರೆ ಸಣ್ಣ ಅಧ್ಯಯನ. ಹೆಚ್ಚಿನವು ಇಂಥವೇ. ಆದ್ದರಿಂದ ‘ವಿಆರ್‌ನಿಂದ ಆಟಿಸಂ ವಾಸಿ’ ಎನ್ನುವ ಜಾಹೀರಾತು ಕಂಡರೆ ದುಡ್ಡು ಕಟ್ಟಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆಟಿಸಂ ವಾಸಿಮಾಡುವ ಕಾಯಿಲೆಯೇ ಅಲ್ಲ. ವಿಆರ್ ಅಭ್ಯಾಸಕ್ಕೆ ಒಂದು ಸಾಧನ, ಅಷ್ಟೆ.

ಬಳಸುವುದಾದರೆ ಥೆರಪಿಸ್ಟ್ ಜೊತೆಗಿರಲಿ. ಮೊದಲು ಕೆಲವೇ ನಿಮಿಷ. ತಲೆ ಸುತ್ತಿದರೆ, ವಾಕರಿಕೆ ಬಂದರೆ, ಮಗು ಹೆಡ್‌ಸೆಟ್ ಕಿತ್ತೆಸೆದರೆ ಅಲ್ಲಿಗೇ ನಿಲ್ಲಿಸಿ. ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಒತ್ತಾಯ ಬೇಡ. ಕಂಪನಿಗಳೇ ವಯಸ್ಸಿನ ಮಿತಿ ಹಾಕಿವೆ. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ 10 ವರ್ಷಕ್ಕಿಂತ ಚಿಕ್ಕವರಿಗಲ್ಲ. ನಿಮಗೆ ಅಡುಗೆ ಮಾಡಲು ಪುರುಸೊತ್ತು ಸಿಗಲೆಂದು ಮಗುವಿನ ತಲೆಗೆ ಅದನ್ನು ಸಿಕ್ಕಿಸಿ ಹೋಗಲೇಬೇಡಿ.

ದುಡ್ಡಿಲ್ಲವೆಂದು ಕೊರಗಲೂ ಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮಗುವಿಗೆ ಮೆಟ್ರೋ ಎಂದರೆ ಭಯವೇ? ಜಯನಗರ ನಿಲ್ದಾಣದ ಮೆಟ್ಟಿಲು, ತಪಾಸಣೆಯ ಜಾಗ, ಗೇಟು, ಬಾಗಿಲು ಮುಚ್ಚುವ ಸದ್ದು, ಎಲ್ಲವನ್ನೂ ಅನುಮತಿ ಕೇಳಿ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮನೆಯಲ್ಲಿ ಸದ್ದು ಕಡಿಮೆ ಇಟ್ಟು ತೋರಿಸಿ. ಆಮೇಲೆ ಜನ ಕಡಿಮೆ ಇರುವ ಭಾನುವಾರ ಬೆಳಗ್ಗೆ ನಿಲ್ದಾಣದ ಹೊರಗೆ ನಿಂತು ಬನ್ನಿ. ಮುಂದಿನ ವಾರ ಪ್ಲಾಟ್‌ಫಾರ್ಮಿನವರೆಗೆ. ಅದೂ ಒಗ್ಗಿದ ಮೇಲೆ ಆರ್.ವಿ. ರಸ್ತೆಯವರೆಗೆ ಒಂದೇ ನಿಲ್ದಾಣ. ಅದರಾಚೆಯ ಬನಶಂಕರಿ, ಜೆ.ಪಿ. ನಗರ ಎಲ್ಲಿಗೂ ಓಡಿಹೋಗುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ.

ದೊಡ್ಡವರನ್ನು ಮರೆಯಬೇಡಿ. ಆಟಿಸಂ ಇರುವ ಮಕ್ಕಳು ಬೆಳೆದರೆ ಆಟಿಸಂ ಇರುವ ಯುವಕ, ಯುವತಿಯರಾಗುತ್ತಾರೆ. 2014ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಕಂಪ್ಯೂಟರಿನೊಳಗಿನ ಅಧಿಕಾರಿಯ ಎದುರು ಸಂದರ್ಶನ ಅಭ್ಯಾಸ ಮಾಡಿದವರು ಅಣಕು ಸಂದರ್ಶನಗಳಲ್ಲಿ ಮುಂದೆ ಬಂದರು. ಕೆಲಸ ಹುಡುಕುತ್ತಿರುವ ನಿಮ್ಮ ಮಗನಿಗೋ ಮಗಳಿಗೋ ಇಂಥದ್ದು ಬೇಕೇ ಎಂದು ಅವರನ್ನೇ ಕೇಳಿ. ಕೈ ಆಡಿಸುವುದನ್ನು ಬಿಡಿಸಲು, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಬಲವಂತ ಮಾಡಲು ಯಾವ ಯಂತ್ರವನ್ನೂ ಬಳಸಬೇಡಿ. ಅವರು ಇರುವ ಹಾಗೆ ನಿರ್ಭಯವಾಗಿ ಓಡಾಡಲಿ; ನಮಗೆ ಬೇಕಿರುವುದು ಅಷ್ಟೇ.

ಯಂತ್ರ ಕೊಂಡರೂ ಕೊಳ್ಳದಿದ್ದರೂ, ಈ ವಾರ ಮಗುವಿನ ಕೈ ಹಿಡಿದು ಒಂದು ಬೀದಿಯಾದರೂ ನಡೆದು ಬನ್ನಿ. ಆ ಕೆಲಸವನ್ನು ಹೆಡ್‌ಸೆಟ್ ಮಾಡಿಕೊಡುವುದಿಲ್ಲ, ನೀವೇ ಮಾಡಬೇಕು.